ಎರಡು ಅಕ್ಷಗಳನ್ನು ದಾಟಿದ ರೇಖೆ

ಗ್ರಾಫ್ ಹಾಳೆಯೊಂದರಲ್ಲಿ ಸರಳರೇಖೆಯೊಬ್ಬಳು ಎಡದಿಂದ ಬಲಕ್ಕೆ ಇಳಿದು ಬರುತ್ತಿದ್ದಳು. ಒಂಟಿ ನಡಿಗೆಗೆ ಬೇಸತ್ತ ಅವಳಿಗೆ ಯಾರದಾದರೂ ಆಶ್ರಯದಲ್ಲಿ ನೆಲೆಸುವ ಹಂಬಲ. ನೆಟ್ಟಗೆ ನಿಂತಿದ್ದ ವೈ-ಅಕ್ಷವು ನಾಲ್ಕೆಂಬ ಅಂಕಿಯ ಬಳಿ ಅವಳಿಗೆ ಎದುರಾಯಿತು.

"ಇಲ್ಲೇ ಇದ್ದುಬಿಡು ಮಗಳೇ. ನನ್ನನ್ನು ಮುಟ್ಟಿದವರ ಎಕ್ಸ್ ಸೊನ್ನೆಯಾಗುತ್ತದೆ, ನಿನ್ನ ಎತ್ತರ ಉಳಿಯುತ್ತದೆ," ಎಂದಿತು ಅಕ್ಷ.

"ಇದ್ದದ್ದನ್ನು ಸೊನ್ನೆ ಮಾಡಿಕೊಂಡು ಇರಲೇ? ಎಕ್ಸ್-ಅಕ್ಷವನ್ನೂ ವಿಚಾರಿಸಿ ಬರುತ್ತೇನೆ, ಅಜ್ಜ."

"ವಿಚಾರಿಸಲು ಹೋದವರು ಬಹಳ ಮಂದಿ. ಬಂದವರನ್ನು ನಾನು ಕಾಣೆ."

ರೇಖೆ ನಕ್ಕು ಮುಂದೆ ಇಳಿದಳು. ಉದ್ದಕ್ಕೆ ಮಲಗಿದ್ದ ಎಕ್ಸ್-ಅಕ್ಷವನ್ನು ಆರೆಂಬ ಅಂಕಿಯ ಬಳಿ ಮುಟ್ಟುತ್ತಲೇ ಅವಳ ಎತ್ತರವೆಲ್ಲ ಕರಗಿತು.

"ಅಯ್ಯೋ, ನನ್ನ ವೈ ಎಲ್ಲಿ?"

"ಸೊನ್ನೆಯಾಯಿತು, ತಾಯಿ. ನಮ್ಮಿಬ್ಬರಲ್ಲಿ ಯಾರನ್ನು ಸೇರಿದರೂ ಒಂದನ್ನು ಬಿಡಲೇಬೇಕು. ಅಜ್ಜ ಹೇಳಲಿಲ್ಲವೇ?"

"ಹೇಳಿದ್ದ. ಹಾಗಾದರೆ ಅವನ ಬಳಿಗೇ ಹಿಂದಿರುಗುತ್ತೇನೆ."

"ಹಿಂದಿರುಗಲು ಬಾಗಬೇಕು. ಬಾಗಿದವಳನ್ನು ಸರಳರೇಖೆ ಎನ್ನುವವರು ಯಾರು?"

ಆ ಹೆಸರೊಂದನ್ನು ಬಿಟ್ಟರೆ ಅವಳಿಗೆ ಬೇರೆ ಆಸ್ತಿಯಿರಲಿಲ್ಲ. ಬಾಗಲೋ ಬೇಡವೋ ಎಂದು ಯೋಚಿಸುತ್ತಿದ್ದಂತೆಯೇ ಅವಳು ಅಕ್ಷವನ್ನು ದಾಟಿ, ಸೊನ್ನೆಗಿಂತ ಕೆಳಗಿನ ಸಂಖ್ಯೆಗಳ ಕಡೆಗೆ ಇಳಿದುಬಿಟ್ಟಿದ್ದಳು. ಅತ್ತ ಎಷ್ಟು ದೂರ ಹೋದರೂ ಸಂಧಿಸಲು ಮೂರನೆಯ ಅಕ್ಷವೇ ಇರಲಿಲ್ಲ. ಅವಳ ನಡಿಗೆಗೆ ಕೊನೆಯೂ ಇರಲಿಲ್ಲ.