ಅಗ್ಗದ ಪ್ಲೇಯರ್, ಅನುಮಾನದ ಕಾಗೆ

ಮೊಟ್ಟೆಯಿಟ್ಟ ಕಾಗೆಯೊಂದಕ್ಕೆ, ತನ್ನ ಮರಿಗಳಾದರೂ ಒಳ್ಳೆಯ ಸಂಗೀತ ಕೇಳಿ ಬೆಳೆಯಲಿ ಎಂಬ ಆಸೆಯಾಯಿತು. ಗೂಡು ಬಿಟ್ಟು ರೇಡಿಯೋ ರಿಪೇರಿ ಅಂಗಡಿಯ ಕಿಟಕಿಗೆ ಹಾರಿ ಬಂತು. ಅಲ್ಲೊಂದು ಹಳೆಯ ಮ್ಯೂಸಿಕ್ ಪ್ಲೇಯರ್ ಕೂತಿತ್ತು.

"ನಿನಗೆ ಎಷ್ಟು ಹಾಡು ಬರುತ್ತವೆ?" ಎಂದು ಕಾಗೆ ಕೇಳಿತು.

"ಹತ್ತು ಸಾವಿರ. ಕ್ಯಾಸೆಟ್ ಬೇಡ, ಸಿಡಿ ಬೇಡ. ಹಾರ್ಡ್ ಡಿಸ್ಕ್ ನನ್ನ ಹೊಟ್ಟೆಯೊಳಗೇ ಇದೆ. ತಾವು ಕದ್ದಿಟ್ಟಿರುವ ಸ್ಟೀಲ್ ಚಮಚ ಒಂದು ಕೊಟ್ಟರೆ ಸಾಕು, ಬರುತ್ತೇನೆ."

ಕಾಗೆ ಕತ್ತು ಓರೆ ಮಾಡಿತು. "ಇಷ್ಟು ಅಗ್ಗವೆಂದರೆ ಏನೋ ಐಬಿರಬೇಕು. ಹೊಟ್ಟೆ ಬಿಚ್ಚಿ ತೋರಿಸು."

"ಬಿಚ್ಚಿದರೆ ಕೆಡುತ್ತೇನೆ. ಬೇಕಾದರೆ ಹಾಡಿ ತೋರಿಸುತ್ತೇನೆ. ನನ್ನಲ್ಲಿ ಮೋಸವಿಲ್ಲ."

ಅಷ್ಟರಲ್ಲಿ ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿತು.

"ನೋಡಿ, ಹಲ್ಲಿಯೂ ಸತ್ಯವೆಂದಿತು" ಎಂದಿತು ಪ್ಲೇಯರ್.

"ಹಲ್ಲಿ ಇರುವುದೂ ಇದೇ ಅಂಗಡಿಯಲ್ಲಿ ತಾನೇ?" ಎಂದಿತು ಕಾಗೆ.

ಪ್ಲೇಯರ್ ಒಂದೊಂದೇ ಹಾಡು ಹಾಡಿತು. ಕಾಗೆ ಒಂದೊಂದರಲ್ಲೂ ಹುಳುಕು ಹುಡುಕಿತು. ಬಿಸಿಲು ಇಳಿದ ಮೇಲೆ, "ಒಳಗೇನಿದೆಯೆಂದು ಕಾಣದ್ದನ್ನು ನಾನು ಮನೆಗೆ ಸೇರಿಸುವುದಿಲ್ಲ" ಎಂದು ಹೇಳಿ ಹಾರಿಹೋಯಿತು.

ಬಿಟ್ಟುಹೋದಾಗ ಗೂಡಿನಲ್ಲಿ ಮೂರಿದ್ದ ಮೊಟ್ಟೆ ಈಗ ನಾಲ್ಕಾಗಿದ್ದವು. ಒಂದು ಕೊಂಚ ಚಿಕ್ಕದು. ಪಕ್ಕದ ಕೊಂಬೆಯಿಂದ ಕೋಗಿಲೆ ಇಂಪಾಗಿ ಕೂಗಿತು.

"ಹಾಡು ಎಂದರೆ ಇದು! ಚಮಚವನ್ನೂ ಕೇಳುವುದಿಲ್ಲ" ಎಂದು ತಲೆದೂಗುತ್ತ, ಕಾಗೆ ನಾಲ್ಕೂ ಮೊಟ್ಟೆಗಳನ್ನು ಎದೆಯಡಿಗೆ ಎಳೆದುಕೊಂಡು ಕಾವಿಗೆ ಕೂತಿತು.