ಹರಿಗೋಲಿನವರಿಗೊಂದು ಪೀಠ

"ಕೇಳ್ರಪ್ಪೋ ಕೇಳಿ! ರಾಜ್ಯ ಸುಧಾರಣೆಯಾಗುತ್ತದೆ! ಊರೂರಿನ ನ್ಯಾಯಕಟ್ಟೆ ಇನ್ನಿಲ್ಲ, ಎಲ್ಲಕ್ಕೂ ಒಂದೇ ಮಹಾಸಭೆ! ಹೊಳೆದಂಡೆಯ ದಿಬ್ಬದ ಮೇಲೆ ಅದಕ್ಕೊಂದು ದೊಡ್ಡ ಚಾವಡಿ! ಯಾರಿಗೆ ಏನು ಬೇಕೋ ದೊರೆಯ ಮೂರು ಒಗಟು ಬಿಡಿಸಿ ಕೇಳಲಿ. ತಪ್ಪಿದರೆ ತಲೆ ಹೋಗುತ್ತದೆ!"

ಹೀಗೆ ಡಂಗುರ ಹೊಡೆಸಿದ ಒಬ್ಬ ದೊರೆ, ಪುಣ್ಯಾತ್ಮ! ಆ ದಿಬ್ಬವೋ, ಹರಿಗೋಲು ನಡೆಸಿ ಬದುಕುವ ನಾಲ್ಕಾರು ಮನೆಯವರು ಸತ್ತವರನ್ನು ಮಣ್ಣುಮಾಡುವ ಜಾಗ. ಅವರನ್ನು ಕೇಳಿದವರು ಯಾರು?

ಮೊದಲು ಹೋದವನು ಪಾಳೆಯಗಾರನ ಮಗ, ಗಡಿಯ ಊರುಗಳ ಆಸೆಗೆ. "ಹೆಚ್ಚಾದರೆ ಉಗಿಯುತ್ತಾರೆ, ಇಲ್ಲದಿದ್ದರೆ ಬೈಯುತ್ತಾರೆ, ಹದವಾಗಿದ್ದರೆ ಹೆಸರೇ ಎತ್ತುವುದಿಲ್ಲ. ಏನದು?" ಅಂದ ದೊರೆ.

"ತಮ್ಮ ದಂಡನೆ, ಪ್ರಭು."

ಹೊಗಳಿಕೆ ತಲೆ ಕಾಯಲಿಲ್ಲ. ಆಮೇಲೆ ಬಂದ ಶಾಸ್ತ್ರಿ ಉಪ್ಪು ಅಂತ ಸರಿಯಾಗೇ ಹೇಳಿದ. "ಸಾವಿರ ಜನ ಎತ್ತಿದರೆ ಹಗುರ, ಒಬ್ಬನೇ ಎತ್ತಿದರೆ ಭಾರ, ತಕ್ಕಡಿಗೆ ಮಾತ್ರ ಸಿಗದು" ಅಂತ ದೊರೆ ಎರಡನೆಯದನ್ನು ಕೇಳಿದಾಗ ಕೋಟೆಬಾಗಿಲು ಅಂದುಬಿಟ್ಟ. ಅವನ ಕತೆಯೂ ಮುಗಿಯಿತು.

ಮೂರನೆಯವನು ಹರಿಗೋಲಿನವರ ಜವರ. ಅವನ ಅಪ್ಪ ಆ ದಿಬ್ಬದಲ್ಲೇ ಮಲಗಿದ್ದ. ಮೊದಲನೆಯದಕ್ಕೆ ಉಪ್ಪು ಅಂದ, ಎರಡನೆಯದಕ್ಕೆ ದನಿ ಅಂದ.

"ನನ್ನ ರಾಜ್ಯದಲ್ಲಿ ಎಲ್ಲರ ಮನೆಯಲ್ಲೂ ಉಂಟು, ನನಗೊಬ್ಬನಿಗೇ ಇಲ್ಲ. ಏನದು?"

"ನಿಮ್ಮ ಭಯ, ಬುದ್ಧೀ. ನಿಮಗೆ ನೀವೇ ಹೆದರೋಕಾಗುತ್ತದಾ?"

ಸಭೆಯೆಲ್ಲ ಬೆವರಿತು. ದೊರೆ ನಕ್ಕ. "ಭಲೆ! ದಿಬ್ಬ ಬೇಕೋ, ಮಹಾಸಭೆಯಲ್ಲಿ ನಿನ್ನವರಿಗೊಂದು ಪೀಠ ಬೇಕೋ?"

ಇಲ್ಲೇ ಎಡವಿದ ನೋಡಿ ನಮ್ಮ ಹುಡುಗ. ಹರಿಗೋಲಿನವರ ಕಟ್ಟೆಯಲ್ಲಿ ಒಬ್ಬಳು ಮುದುಕಿ 'ಒಲ್ಲೆ' ಅಂದರೂ ಕೆಲಸ ನಿಂತಿತು. ಅವಳು ಒಪ್ಪುವ ತನಕ ಯಾರೂ ಏಳುವಂತಿಲ್ಲ. ಲೋಕದ ಸಭೆಯೆಲ್ಲ ಹೀಗೇ ಅಂದುಕೊಂಡಿದ್ದ, ಪಾಪ. ಪೀಠವಿದ್ದರೆ ದಿಬ್ಬವೂ ಉಳಿಯಿತು, ಮುಂದೆ ಹೊಳೆಯೂ ಉಳಿಯಿತು ಅಂತ ಪೀಠವನ್ನೇ ಕೇಳಿದ.

ಜರಿಪೇಟ ಸುತ್ತಿ ಕೂರಿಸಿದರು. ದಿಬ್ಬದ ಮಾತು ಬಂತು. ಜವರ ಎದ್ದು "ಒಲ್ಲೆ" ಅಂದು, ಇನ್ನು ತನ್ನನ್ನು ಒಪ್ಪಿಸೋಕೆ ಬರುತ್ತಾರೆಂದು ಕಾದ. ದಿವಾನ ಎತ್ತಿದ ಕೈಗಳತ್ತ ಕಣ್ಣಾಡಿಸಿ, "ಒಬ್ಬರು ಬಿಟ್ಟು ಎಲ್ಲರೂ ಒಪ್ಪಿದ್ದಾರೆ. ಅಗೆಯಲಿ" ಅಂದ.

"ನಾನಿನ್ನೂ ಒಪ್ಪಿಲ್ಲವಲ್ಲ ಬುದ್ಧೀ!"

"ತಮ್ಮ ಮಾತು ಕೇಳಿಸಿಕೊಂಡೆವಲ್ಲ. ಕೂತ್ಕೊಳ್ಳಿ."

ಥೂ, ಆ ಮರ್ಯಾದೆಗೆ ಬೆಂಕಿ ಬೀಳಲಿ! ಜವರ ಪೇಟದಲ್ಲೇ ದಿಬ್ಬಕ್ಕೆ ಓಡಿದ. ಗುದ್ದಲಿ ಆಗಲೇ ಬಿದ್ದಿತ್ತು. ಅವನ ಅವ್ವ ಗಂಡನ ಮೂಳೆಗಳನ್ನು ಸೆರಗಿಗೆ ಆಯ್ದುಕೊಳ್ಳುತ್ತಿದ್ದಳು.

"ಅವ್ವಾ, ನಮಗೂ ಪೀಠ ಕೊಟ್ಟವ್ರೆ ಕಣವ್ವಾ..."

ಅವಳು ಅವನ ತಲೆಯ ಪೇಟ ಕಿತ್ತು, ಸೆರಗಿನಲ್ಲಿದ್ದದ್ದನ್ನು ಅದಕ್ಕೆ ಸುರಿದು ಕೈಗಿಟ್ಟಳು.

"ಹಂಗಾದ್ರೆ ತಗೊಂಡೋಗಿ ನಿಮ್ಮಪ್ಪನ್ನ ಅಲ್ಲೇ ಕೂರ್ಸು, ಮಗಾ."