ಆನೆಗೊಂದು ಮಹಡಿ

ಕೆಂಗಲ್ಲುದುರ್ಗದ ಹಂಪನಾಯಕನಿಗೆ ಎರಡು ಹೆಮ್ಮೆ. ಒಂದು ತನ್ನ ಮೀಸೆ. ಇನ್ನೊಂದು, ತನ್ನನ್ನು ಮೆಚ್ಚಿಸುವುದು ಯಾರಿಂದಲೂ ಸುಲಭಕ್ಕೆ ಆಗದು ಎಂಬುದು. ಎರಡನೆಯದು ಶುದ್ಧ ಸುಳ್ಳು. "ಅಪ್ಪಣೆ ಪ್ರಭು" ಎನ್ನಲು ಕಲಿತ ಗಿಳಿ ಕೂಡ ಅವನನ್ನು ಮೆಚ್ಚಿಸಬಹುದಿತ್ತು.

ಆ ವರ್ಷ ಅವನ ಮಾವ ಒಂದು ಆನೆಯನ್ನು ಉಡುಗೊರೆ ಕಳಿಸುವುದಾಗಿ ಹೇಳಿದ. ಸರಿ, ಆನೆಗೆ ಲಾಯ ಬೇಕಲ್ಲ. ಉಸ್ತುವಾರಿ ಪಾರುಪತ್ಯಗಾರ ಮಲ್ಲರಸಯ್ಯನಿಗೆ, ಕಲ್ಲಿನ ಕೆಲಸ ಹೊನ್ನೋಜನಿಗೆ.

ಮೊದಲು ನಾಯಕ ಕೇಳಿದ್ದು ನಾಲ್ಕು ಗೋಡೆ, ಒಂದು ಮಾಡು. ಗೋಡೆ ಎದೆಮಟ್ಟಕ್ಕೆ ಬಂದಾಗ ಬಾಗಿಲು ಪೂರ್ವಕ್ಕಿರಲಿ ಎಂದ. ಕೆಡವಿ ಕಟ್ಟಿದರು. ಆಮೇಲೆ ಪಶ್ಚಿಮವೇ ಚೆನ್ನ ಎಂದ. ಮತ್ತೆ ಕೆಡವಿದರು. ಕೊನೆಗೆ ಒಂದು ದಿನ ಮೀಸೆ ತೀಡುತ್ತ, "ಮೇಲೊಂದು ಮಹಡಿಯೂ ಇರಲಿ. ಸಂಜೆ ಹೊತ್ತು ಆನೆ ಗಾಳಿಗೆ ನಿಲ್ಲಲಿ" ಎಂದ.

ಮಲ್ಲರಸಯ್ಯ ಮುಖದ ಒಂದು ಗೆರೆಯನ್ನೂ ಅಲುಗಿಸದೆ, "ಅಪ್ಪಣೆ ಪ್ರಭು! ಇಂಥ ಯೋಚನೆ ಬೇರೆ ಯಾವ ದೊರೆಗೆ ಹೊಳೆದೀತು?" ಎಂದ. ಆ ಮಟ್ಟಿಗೆ ಅವನು ಹೇಳಿದ್ದು ನಿಜವೇ.

ಹೊನ್ನೋಜ ಮಾತ್ರ ಕೈಮುಗಿದ. "ಆಗೋದಿಲ್ಲ ಒಡೆಯಾ. ಆನೆ ಮೆಟ್ಲು ಹತ್ತೋದಿಲ್ಲ. ಹತ್ತಿದ್ರೆ ಮಹಡಿ ನಿಲ್ಲೋದಿಲ್ಲ. ನಾಲ್ಕು ಗೋಡೆ, ಒಂದು ಮಾಡು ಅಂದ್ರೆ ಆನೆ ಬರೋ ಹೊತ್ತಿಗೆ ಮುಗಿಸ್ಕೊಡ್ತೀನಿ."

"ಬಾಯಿ ತೆರೆದರೆ ಅಪಶಕುನ!" ನಾಯಕ ಕೆಂಡವಾದ. "ಆನೆ ಬರುವ ದಿನ ಲಾಯ ಮುಗಿದಿರಬೇಕು, ಮಹಡಿ ಸಮೇತ. ಇಲ್ಲವಾದರೆ ನೀನು ಸಂಸಾರ ಕಟ್ಟಿಕೊಂಡು ಗಡಿ ದಾಟು."

ಹೊನ್ನೋಜನ ಹೆಂಡತಿ ತುಂಬು ಬಸುರಿ. ಅವನು ತಲೆ ತಗ್ಗಿಸಿ ಹೊರಟುಹೋದ.

ಅಂದಿನಿಂದ ಪ್ರತಿ ಸಂಜೆ ನಾಯಕ, "ಲಾಯ ಎಲ್ಲಿಗೆ ಬಂತು?" ಎಂದು ಕೇಳುತ್ತಿದ್ದ. ಲಾಯದ ಕಡೆ ಕಾಲನ್ನೇ ಇಡದ ಮಲ್ಲರಸಯ್ಯ, "ಇನ್ನೇನು ಆಯಿತು ಪ್ರಭು, ಮಾಡು ಹೊದಿಸೋದೊಂದೇ ಬಾಕಿ" ಎನ್ನುತ್ತಿದ್ದ. ಒಂದು ಸಂಜೆ ಈ ಮಾತಿಗೆ ಮೆಚ್ಚಿ ನಾಯಕ ಅವನಿಗೆ ಜರತಾರಿ ಶಾಲು ಹೊದಿಸಿದ. ಲಾಯಕ್ಕಿಲ್ಲದ ಹೊದಿಕೆ ಪಾರುಪತ್ಯಗಾರನಿಗೆ ಸಿಕ್ಕಿತು.

ಆಸ್ಥಾನದಲ್ಲಿ ಬೊಮ್ಮರಸನೆಂಬ ವಿನೋದಗಾರನಿದ್ದ. ಅವನು ಹೋಗಿ ನೋಡಿಕೊಂಡು ಬಂದ. ಎರಡು ಸಲ ಕೆಡವಿದ ಗೋಡೆ ಇನ್ನೂ ಮೊಣಕಾಲುದ್ದವೇ ಇತ್ತು. ಮರುದಿನ ಅವನು ಸಭೆಯಲ್ಲಿ ಎದ್ದು, "ಪ್ರಭುಗಳು ನಾಳೆ ಮಧ್ಯಾಹ್ನ ನಮ್ಮ ಮನೆಗೆ ಊಟಕ್ಕೆ ಬರಬೇಕು. ಪಾರುಪತ್ಯಗಾರರನ್ನೂ ಕರೆತರಬೇಕು" ಎಂದ.

ಬೊಮ್ಮರಸನ ಹೆಂಡತಿ ನಾಗವ್ವೆಯ ಕೈರುಚಿ ಊರಿಗೇ ಗೊತ್ತು. ನಾಯಕ ಬೆಳಗ್ಗೆ ಏನೂ ತಿನ್ನದೆ ಬಂದು ಎಲೆಯ ಮುಂದೆ ಕುಳಿತ. ಪಕ್ಕದ ಎಲೆಗೆ ಜರತಾರಿ ಶಾಲು ಹೊದ್ದ ಮಲ್ಲರಸಯ್ಯ.

"ಹೋಳಿಗೆ ಇರಲಿ" ಎಂದ.

ನಾಗವ್ವೆ ಬಾಗಿಲಿಗೆ ಬಂದಳು. "ಹೋಳಿಗೆ ಆಗೋದಿಲ್ಲ ಪ್ರಭು. ಮನೇಲಿ ಬೆಲ್ಲ ಇಲ್ಲ. ಅನ್ನ, ಹುರುಳಿ ಸಾರು ಅಂದ್ರೆ ಈಗಲೇ ಮಾಡ್ತೀನಿ."

"ಉಣ್ಣುವ ಹೊತ್ತಿಗೆ ಇಲ್ಲ ಅನ್ನುವ ಮಾತೇ?" ನಾಯಕ ಸಿಡುಕಿದ.

ಬೊಮ್ಮರಸ ಅಡ್ಡ ಬಂದ. "ಅವಳಿಗೇನು ತಿಳಿಯುತ್ತೆ ಪ್ರಭು! ಹೋಳಿಗೆ ಅಪ್ಪಣೆ."

"ಕಡುಬು ಕೂಡ."

"ಅಪ್ಪಣೆ."

"ಹೋಳಿಗೆಯೊಳಗೆ ಕಡುಬು ಇಟ್ಟರೆ ಹೇಗೆ?"

"ಆಹಾ! ಅಪ್ಪಣೆ."

ನಾಯಕ ಹಿಗ್ಗಿ ಹೀರೆಕಾಯಿಯಾಗಿ ಬೆರಳಿನ ಉಂಗುರ ತೆಗೆದು ಅವನಿಗೆ ಕೊಟ್ಟ.

ಸ್ವಲ್ಪ ಹೊತ್ತಾಯಿತು. "ಎಲ್ಲಿಗೆ ಬಂತು?" ಎಂದ.

"ಇನ್ನೇನು ಆಯಿತು ಪ್ರಭು, ಬಡಿಸೋದೊಂದೇ ಬಾಕಿ."

ಬಿಸಿಲು ಜಗಲಿ ದಾಟಿತು. ಮತ್ತೆ ಕೇಳಿದ. ಅದೇ ಉತ್ತರ. ಮಲ್ಲರಸಯ್ಯನ ಹೊಟ್ಟೆ ಎಲ್ಲರಿಗೂ ಕೇಳುವ ಹಾಗೆ ಗುಡುಗಿತು. ಕೊನೆಗೆ ನಾಯಕ ತಡೆಯಲಾರದೆ ಎದ್ದು ಅಡುಗೆಮನೆಗೇ ನುಗ್ಗಿದ. ಅಲ್ಲಿ ತಣ್ಣನೆಯ ಒಲೆಯ ಬೂದಿಯಲ್ಲಿ ಬೆಕ್ಕು ಸುರುಳಿ ಸುತ್ತಿ ಮಲಗಿತ್ತು.

"ಬೊಮ್ಮರಸಾ! ದೊರೆಗೇ ಸುಳ್ಳು ಹೇಳುತ್ತೀಯಾ? ನಿನ್ನ ನಾಲಗೆ ಕೀಳಿಸುತ್ತೇನೆ!"

"ಕೀಳಿಸಿ ಪ್ರಭು. ಆದರೆ ಇದೇ ಮಾತಿಗೆ ಪಾರುಪತ್ಯಗಾರರಿಗೆ ಶಾಲು ಹೊದಿಸಿದಿರಿ. ನನಗೂ ಈಗಷ್ಟೇ ಉಂಗುರ ಕೊಟ್ಟಿರಿ. ಅವರ ಲಾಯದ ಕತೆಯೂ ಈ ತಣ್ಣನೆಯ ಒಲೆಯ ಹಾಗೇ. ಗೋಡೆ ಮೊಣಕಾಲು ದಾಟಿಲ್ಲ."

ನಾಯಕ ಮಲ್ಲರಸಯ್ಯನ ಕಡೆ ತಿರುಗಿದ. ಅವನು ಎಲೆಯನ್ನೇ ನೋಡುತ್ತಿದ್ದ. ಅಭ್ಯಾಸಬಲ, ಬಾಯಿಂದ "ಇನ್ನೇನು ಆಯಿತು..." ಎಂದು ಹೊರಟದ್ದು ಅರ್ಧಕ್ಕೇ ನಿಂತಿತು.

ನಾಗವ್ವೆ ಬೆಕ್ಕನ್ನು ಎಬ್ಬಿಸಿದಳು. "ಈಗ ಒಲೆ ಹಚ್ಚಿದ್ರೂ ಅನ್ನ ಸಾರು ಆಗುತ್ತೆ. ಹೋಳಿಗೆ ಮಾತ್ರ ಆಗೋದಿಲ್ಲ."

"ತಾಯೀ, ಅದನ್ನೇ ಮಾಡಮ್ಮ!" ಎಂದ ದೊರೆ.

ಸಾರು ಬಂತು. ನಾಯಕ ಮೀಸೆ ನೆನೆಯುವುದನ್ನೂ ಲೆಕ್ಕಿಸದೆ ಸುರಿದುಕೊಂಡು ಉಂಡ. ಬೊಮ್ಮರಸ ಮೆಲ್ಲಗೆ, "ಸವಿಮಾತಿಗೆ ಉಂಗುರ ಕೊಟ್ಟಿರಿ, ಹೊಟ್ಟೆ ತುಂಬಲಿಲ್ಲ. 'ಆಗೋದಿಲ್ಲ' ಅಂದವಳಿಗೆ ಸಿಡುಕಿದಿರಿ, ಈಗ ಉಣ್ಣುತ್ತಿರುವುದು ಅವಳ ಸಾರು. ಹೊನ್ನೋಜ ಹೇಳಿದ್ದೂ ಇಷ್ಟೇ ಪ್ರಭು" ಎಂದ.

ನಾಯಕನ ತುತ್ತು ನಿಂತಿತು. ನಾಚಿಕೆಯಾಯಿತು ಅವನಿಗೆ, ಬಹುಶಃ ಜನ್ಮದಲ್ಲಿ ಮೊದಲ ಸಲ. ಆಮೇಲೆ ಜೋರಾಗಿ ನಕ್ಕ.

"ಹೊನ್ನೋಜನಿಗೆ ಹೇಳಿ ಕಳಿಸು. ನಾಲ್ಕು ಗೋಡೆ, ಒಂದು ಮಾಡು. ಮಹಡಿಯೂ ಬೇಡ, ಗಡಿ ದಾಟುವುದೂ ಬೇಡ. ಇಗೋ, ಈ ಶಾಲು ಅವನಿಗೆ" ಎಂದು ಮಲ್ಲರಸಯ್ಯನ ಹೆಗಲಿನಿಂದ ಎಳೆದುಕೊಂಡ.

ಮಲ್ಲರಸಯ್ಯನ ಎಲೆ ಇನ್ನೂ ಖಾಲಿಯಿತ್ತು. ಸಾರಿನ ಘಮಕ್ಕೆ ಅವನ ಬಾಯಲ್ಲಿ ನೀರೂರಿತು. "ನನಗೆ...?" ಎಂದು ಗೊಣಗಿದ.

ಬೊಮ್ಮರಸ ದೊರೆಯ ಮುಖ ನೋಡಿದ. ದೊರೆ ಮೀಸೆ ಒರೆಸಿಕೊಂಡು, ಪಾರುಪತ್ಯಗಾರನ ಕಡೆ ವಾಲಿ, ಜೇನಿನಂಥ ದನಿಯಲ್ಲಿ ತಾನೇ ಹೇಳಿದ:

"ಇನ್ನೇನು ಆಯಿತು ಮಲ್ಲರಸಯ್ಯಾ, ಬಡಿಸೋದೊಂದೇ ಬಾಕಿ."